ಉಬ್ಬಸದ ಪೆಟ್ಟಿಗೆ

ರಾಜಾಜಿನಗರದ ಗೃಹಸ್ಥನೊಬ್ಬನು ಭಾನುವಾರ ನಲ್ಲಿಯ ವಾಷರ್ ತರಲೆಂದು ಚಿಕ್ಕಪೇಟೆಯ ಕಡೆ ಹೋಗಿ, ಹಳೆಯ ಅಕಾರ್ಡಿಯನ್ ಒಂದನ್ನು ಹೆಗಲಿಗೇರಿಸಿಕೊಂಡು ಬಂದನೆನ್ನಿ. ಅಗ್ಗಕ್ಕೆ ದೊರೆಯಿತೆಂಬುದೊಂದೇ ಅವನ ಸಮರ್ಥನೆ. ತಿದಿಯನ್ನು ಎಳೆದರೆ ಉಬ್ಬಸ; ಕರಿ-ಬಿಳಿ ಮನೆಗಳಲ್ಲಿ ಕೆಲವು ಮೂಕ, ಒಂದೆರಡು ಒತ್ತದೆಯೇ ಕೂಗುತ್ತವೆ. ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆಯೆಂದು ಮಡದಿ ನೆನಪಿಸಿದರೆ ತಪ್ಪೇನು?

1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯಾನ್ ಈ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. 1964ರ ‘ಸಂಗಂ’ ಚಿತ್ರದಲ್ಲಿ ರಾಜ್ ಕಪೂರ್ ಇದನ್ನು ಎದೆಗೆ ಕಟ್ಟಿಕೊಂಡು ಹಾಡಿದುದನ್ನು ಕಂಡವರು ಸುಲಭವಾಗಿ ಮರೆತಿರಲಾರರು. ಮುಂದೆ ವಿದ್ಯುತ್ ಕೀಬೋರ್ಡು ಬಂದಿತು, ಅಕಾರ್ಡಿಯನ್ನು ಅಟ್ಟವೇರಿತು. ಅದನ್ನು ಬಿಚ್ಚಿ ನೋಡಬಲ್ಲವರು ಈಗ ವಿರಳ.

ಆದರೆ ಅದರ ದಾಯಾದಿ ಹಾರ್ಮೋನಿಯಂ ನಮ್ಮಲ್ಲುಂಟು. ನಾಟಕ ಕಂಪನಿಗಳನ್ನು ಕುಣಿಸಿದ ಈ ಪೆಟ್ಟಿಗೆ, ಗಮಕ ನುಡಿಸಲಾರದೆಂಬ ಆಕ್ಷೇಪಕ್ಕೆ ಗುರಿಯಾಗಿ 1940ರಿಂದ 1971ರವರೆಗೆ ಆಕಾಶವಾಣಿಯಿಂದ ಬಹಿಷ್ಕೃತವಾಗಿತ್ತು. ಮನೆಮನೆಯ ಭಜನೆಯಿಂದ ಮಾತ್ರ ಯಾರೂ ಅದನ್ನು ಕದಲಿಸಲಾಗಲಿಲ್ಲ. ಆದಕಾರಣ ಅದನ್ನು ದುರಸ್ತಿ ಮಾಡುವವರ ಕಸುಬೂ ಉಳಿದಿದೆ. ಹೊಸಬನು ಮೊದಲು ಅಂಥವರಲ್ಲಿಗೆ ಹೋಗುವುದು ಯುಕ್ತ. ಆದರೆ ಭೇದವನ್ನು ತಿಳಿದು ಹೋಗಬೇಕು. ಹಾರ್ಮೋನಿಯಮ್ಮಿನಲ್ಲಿ ಗಾಳಿ ಒಂದೇ ದಿಕ್ಕಿನಲ್ಲಿ ಹಾಯುತ್ತದೆ. ಗುಜರಾತಿನ ಪಾಲಿತಾಣಾದಂಥ ಕಡೆ ತಯಾರಾಗುವ ಅದರ ರೀಡಿಗೆ ಒಂದೇ ಹಿತ್ತಾಳೆಯ ನಾಲಗೆ. ಅಕಾರ್ಡಿಯನ್ನಿನಲ್ಲಿ ತಿದಿ ಹಿಗ್ಗಿದಾಗಲೂ ಸ್ವರ ಹೊರಡಬೇಕು, ಕುಗ್ಗಿದಾಗಲೂ ಹೊರಡಬೇಕು. ಅದಕ್ಕಾಗಿ ಒಂದೊಂದು ಪಟ್ಟಿಗೂ ಉಕ್ಕಿನ ನಾಲಗೆ ಎರಡು. ಸರದಿಯಿಲ್ಲದ ನಾಲಗೆಯ ಗಾಳಿಯನ್ನು ತಡೆಯಲು ತೆಳು ತೊಗಲಿನ ರೆಕ್ಕೆ. ಪಟ್ಟಿಯನ್ನು ಮರದ ದಿಮ್ಮಿಗೆ ಹಿಡಿದಿರುವುದು ಬರಿಯ ಮೇಣ!

ಹಳೆಯ ವಾದ್ಯದ ಮೂಕತನ ಬಹುಪಾಲು ಈ ತೊಗಲು, ಮೇಣ, ತಿದಿಗಳದೇ. ಮನೆಯೊಂದನ್ನೂ ಒತ್ತದೆ, ಒಂದು ಬದಿಯನ್ನು ಹಿಡಿದು ಇನ್ನೊಂದನ್ನು ಇಳಿಬಿಟ್ಟು ನೋಡಬೇಕು. ತಿದಿ ನಿಧಾನವಾಗಿ ಹಿಗ್ಗಿದರೆ ಕ್ಷೇಮ; ದೊಪ್ಪನೆ ಬಿದ್ದರೆ ಎಲ್ಲಿಯೋ ಬಿರುಕಿದೆ. ರಟ್ಟಿನ ಮಡಿಕೆಗಳೇ ಕೊಳೆತು ಹೋಗಿದ್ದರೆ ಹೊಸಬನು ಆಸೆ ಬಿಡುವುದು ಲೇಸು. ಮೂಲೆಯ ತೊಗಲಷ್ಟೇ ಹರಿದಿದ್ದರೆ ತೇಪೆ ಹಾಕಬಹುದು. ಸುರುಳಿಗೊಂಡ ರೆಕ್ಕೆಗಳನ್ನು ಬದಲಿಸಬೇಕು. ಪಟ್ಟಿಗಳನ್ನು ಕೀಳುವ ಮುನ್ನ ಪೆನ್ಸಿಲಿನಿಂದ ಅಂಕೆ ಬರೆದಿಡದವನು ಆಮೇಲೆ ಪಶ್ಚಾತ್ತಾಪ ಪಡುವನು. ಕೂರಿಸುವ ಮೇಣ ಜೇನುಮೇಣಕ್ಕೆ ತುಸು ರಾಳ ಬೆರೆಸಿದ್ದು. ನೇರ ಉರಿಯ ಮೇಲಲ್ಲ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸತಕ್ಕದ್ದು. ಆ ಪಾತ್ರೆ ಅಡುಗೆಮನೆಗೆ ಮರಳುವಂತಿಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುವುದು ಗೃಹಶಾಂತಿಗೆ ಒಳ್ಳೆಯದು.

ಎಣ್ಣೆಯನ್ನು ಒಳಗೆ ಸೋಕಿಸಲೇಕೂಡದು. ಮೇಣ ಸಡಿಲಾಗಿ ಧೂಳು ಅಂಟುವುದು. ಚೈತ್ರದ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೂ ಮೇಣ ಮೆತ್ತಗಾಗುತ್ತದೆ. ಮಳೆಗಾಲದ ತೇವವಂತೂ ಉಕ್ಕಿಗೆ ತುಕ್ಕು, ತೊಗಲಿಗೆ ಬೂಷ್ಟು.

ಇಷ್ಟೆಲ್ಲ ಆದ ಮೇಲೂ ಸ್ವರವೊಂದು ಅಪಶ್ರುತಿಯಲ್ಲಿದ್ದರೆ ಕೈ ಅರದ ಕಡೆಗೆ ಹೋಗುತ್ತದೆ. ನಾಲಗೆಯ ತುದಿಯನ್ನು ಉಜ್ಜಿದರೆ ಶ್ರುತಿ ಏರುವುದು, ಬುಡವನ್ನು ಉಜ್ಜಿದರೆ ಇಳಿಯುವುದು. ಕೇಳಲು ಎಷ್ಟು ಸುಲಭ! ಆದರೆ ಉಜ್ಜಿ ತೆಗೆದ ಉಕ್ಕು ಮರಳಿ ಬಾರದು. ನಾಲಗೆ ಮುರಿದರೆ ಅದಕ್ಕೆ ಹೊಂದುವ ಇನ್ನೊಂದನ್ನು ಹುಡುಕುವುದು ವಾದ್ಯವನ್ನು ಹುಡುಕಿದುದಕ್ಕಿಂತ ಕಷ್ಟ. ಸಂದಿನಲ್ಲಿ ಧೂಳಿನ ಕಣವಿದೆಯೋ, ಮೇಣ ಬಿರುಕು ಬಿಟ್ಟಿದೆಯೋ ಎಂದು ಮತ್ತೊಮ್ಮೆ ನೋಡಲಿ. ಏನೂ ಕಾಣದಿದ್ದರೆ ಆ ಸ್ವರವನ್ನು ಹಾಗೆಯೇ ಬಿಟ್ಟು, ಉಳಿದವುಗಳಲ್ಲಿ ನುಡಿಸಬಹುದಾದ ಹಾಡೊಂದನ್ನು ಆರಿಸಿಕೊಳ್ಳಲಿ.