ಒದ್ದೆ ಕೈಯೂ ದೀಪದ ದಾರವೂ

ಬ್ರಿಟನ್ನಿನ ಮನೆಯೊಂದರಲ್ಲಿ ಮೊದಲ ರಾತ್ರಿ ಕಳೆಯುವ ನಮ್ಮವರಿಗೆ ಸ್ನಾನಗೃಹದ ದೀಪ ಹೊತ್ತಿಸುವುದೇ ಒಂದು ಪರೀಕ್ಷೆ. ಬಾಗಿಲ ಹೊರಗೆ ಗೋಡೆ ತಡವಿದರೆ ಸ್ವಿಚ್ಚು ಸಿಗದು. ಒಳಗೆ ತಡವಿದರೂ ಸಿಗದು. ಕೊನೆಗೆ ಕತ್ತಲೆಯಲ್ಲಿ ಮುಖಕ್ಕೆ ತಾಗುವುದು ಛಾವಣಿಯಿಂದ ಇಳಿಬಿದ್ದ ಒಂದು ದಾರ. ಒಮ್ಮೆ ಎಳೆದರೆ ‘ಟಕ್’ ಎಂಬ ಸದ್ದಿನೊಡನೆ ಬೆಳಕು. ಇನ್ನೊಮ್ಮೆ ಎಳೆದರೆ ಕತ್ತಲೆ.

ದಾದಿಯರಾಗಿ, ವಿದ್ಯಾರ್ಥಿಗಳಾಗಿ ಕೇರಳದಿಂದ ಆ ದೇಶಕ್ಕೆ ಹೋದವರು ಅನೇಕರು. ಗಡಿನಾಡಿನ ಕನ್ನಡ ಮನೆಗಳ ಮಕ್ಕಳೂ ಅವರ ನಡುವೆ ಇದ್ದಾರೆ. ಅಲ್ಲೇ ನೆಲೆನಿಂತು ಹಳೆಯ ಮನೆಯೊಂದನ್ನು ಕೊಂಡವರಿಗೆ ಈ ದಾರ ಬೇಗನೆ ಬೇಸರ ತರಿಸುತ್ತದೆ. ಒದ್ದೆ ಕೈ ತಾಗಿ ತಾಗಿ ಅದರ ತುದಿ ಕಪ್ಪಾಗುತ್ತದೆ. ಮಕ್ಕಳು ಜೋತಾಡಿದರೆ ತುಂಡಾಗುತ್ತದೆ. ಇದನ್ನು ಕಿತ್ತು ಗೋಡೆಗೊಂದು ಚೆಂದದ ಸ್ವಿಚ್ಚು ಕೂರಿಸಿದರಾಗದೇ ಎಂಬ ಯೋಚನೆ ಸಹಜ. ಆದರೆ ಕೀಳುವ ಮುನ್ನ, ಆ ದಾರ ಅಲ್ಲಿ ಏಕೆ ತೂಗುತ್ತಿದೆ ಎಂಬುದನ್ನು ಅರಿಯಬೇಕು.

ಉತ್ತರ ನಮ್ಮ ಪ್ರೌಢಶಾಲೆಯ ಭೌತವಿಜ್ಞಾನದಲ್ಲೇ ಇದೆ. ಒಣಗಿದ ಚರ್ಮ ವಿದ್ಯುತ್ತಿಗೆ ಬಲವಾದ ತಡೆ. ಅದರ ಪ್ರತಿರೋಧ ಹಲವು ಸಾವಿರ ಓಮ್‌ಗಳಿಂದ ಲಕ್ಷ ಓಮ್‌ವರೆಗೂ ಇರಬಹುದು. ನೀರಿನಲ್ಲಿ ನೆನೆದ ಮೈಯಲ್ಲಿ ಅದು ಸುಮಾರು 1000 ಓಮ್‌ಗೆ ಇಳಿದುಬಿಡುತ್ತದೆ. ಮನೆಯ ವಿದ್ಯುತ್ತಿನ ಒತ್ತಡ ಅಲ್ಲಿಯೂ ಇಲ್ಲಿಯೂ 230 ವೋಲ್ಟ್. ಓಮನ ನಿಯಮದಂತೆ 230ನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಹತ್ತು ಮಿಲಿಆಂಪಿಯರಿನ ಸುಮಾರಿಗೆ ಕೈಯ ಸ್ನಾಯುಗಳು ಬಿಗಿದು ಹಿಡಿತ ಬಿಡಿಸಿಕೊಳ್ಳಲಾಗದ ಸ್ಥಿತಿ ಬರುತ್ತದೆ. ಮೂವತ್ತನ್ನು ಮೀರಿದ ಪ್ರವಾಹ ಹರಿಯುತ್ತಲೇ ಇದ್ದರೆ ಹೃದಯದ ಲಯವೇ ತಪ್ಪಬಹುದು.

‘ಎಂ.ಸಿ.ಬಿ. ಇದೆಯಲ್ಲ, ತಾನಾಗಿ ಬೀಳುತ್ತದೆ’ ಎಂಬ ಧೈರ್ಯ ಹಲವರದು. ಲೆಕ್ಕ ಹಾಗೆ ಹೇಳುವುದಿಲ್ಲ. 60 ವಾಟಿನ ಹಳೆಯ ಬಲ್ಬೊಂದು ಎಳೆಯುವ ಪ್ರವಾಹ ಸುಮಾರು 0.26 ಆಂಪಿಯರ್. ಹಾಗಾಗಿ 6 ಆಂಪಿಯರಿನ ಎಂ.ಸಿ.ಬಿ.ಯ ಪಾಲಿಗೆ, ಆಘಾತಕ್ಕೆ ಸಿಕ್ಕಿದ ಮನುಷ್ಯ ಉರಿಯುತ್ತಿರುವ ಇನ್ನೊಂದು ಬಲ್ಬು ಮಾತ್ರ. ಅದು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ.

ದಾರದ ಅರ್ಥ ಈಗ ತಿಳಿಯುತ್ತದೆ. ವಿದ್ಯುತ್ತು ಹರಿಯುವ ಸ್ವಿಚ್ಚು ಮೇಲೆ ಛಾವಣಿಯಲ್ಲಿದೆ. ಒದ್ದೆ ಕೈ ಕೆಳಗಿದೆ. ನಡುವೆ ವಿದ್ಯುತ್ತನ್ನು ಹಾಯಗೊಡದ ಒಂದು ದಾರ. ಕೈಗೂ ವಿದ್ಯುತ್ತಿಗೂ ಅಂತರವನ್ನು ಕಾಯುವುದಷ್ಟೇ ಅದರ ಕೆಲಸ. ಬ್ರಿಟನ್ನಿನ ವಿದ್ಯುತ್ ಜೋಡಣೆಯ ಮಾನಕವಾದ ಬಿ.ಎಸ್. 7671 ಸ್ನಾನಗೃಹವನ್ನು ವಲಯಗಳಾಗಿ ವಿಂಗಡಿಸುತ್ತದೆ. ತೊಟ್ಟಿಯ ಒಳಭಾಗ ಮೊದಲನೆಯದು. ಅದರ ಮೇಲೆ 2.25 ಮೀಟರ್ ಎತ್ತರದವರೆಗಿನ ಜಾಗ ಎರಡನೆಯದು. ಅದರಾಚೆಗೆ 60 ಸೆಂಟಿಮೀಟರ್ ಮೂರನೆಯದು. ಈ ವಲಯಗಳಲ್ಲಿ ಮನೆಯ ಸಾಮಾನ್ಯ ಗೋಡೆ ಸ್ವಿಚ್ಚಿಗೆ ಸ್ಥಳವಿಲ್ಲ. ವಲಯಗಳ ಆಚೆಗೆ ನಿಷೇಧವಿಲ್ಲ, ನಿಜ; ಆದರೆ ಅಲ್ಲಿನ ಸ್ನಾನಗೃಹಗಳು ಕಿರಿದು, ಒದ್ದೆ ಕೈ ಎಲ್ಲಿಯವರೆಗೂ ಚಾಚುತ್ತದೆ.

ಆದ್ದರಿಂದ ದಾರವನ್ನು ತೆಗೆಯುವವರು ಅಂತರವನ್ನು ತೆಗೆಯಬಾರದು. ಹೊಸ ಸ್ವಿಚ್ಚಿನ ಸರಿಯಾದ ಸ್ಥಳ ಬಾಗಿಲ ಹೊರಗಿನ ಗೋಡೆ. ಕೆಲಸದ ಕ್ರಮ ಹೀಗೆ: ಮೊದಲು ಮುಖ್ಯ ಫಲಕದಲ್ಲಿ ಆ ಮಂಡಲವನ್ನು ಕಡಿದು, ತಂತಿಗಳು ನಿರ್ಜೀವವಾಗಿವೆಯೆಂದು ಪರೀಕ್ಷಕದಿಂದ ದೃಢಪಡಿಸಿಕೊಳ್ಳಬೇಕು. ಛಾವಣಿಯ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಕಾಣುವವು ಎರಡು ತಂತಿಗಳು, ಮತ್ತು ಭೂಸಂಪರ್ಕದ ಒಂದು. ಎರಡರಲ್ಲಿ ಒಂದು ವಿದ್ಯುತ್ತನ್ನು ತರುವುದು, ಇನ್ನೊಂದು ದೀಪಕ್ಕೆ ಒಯ್ಯುವುದು. ಇವನ್ನು ಜೋಡಣೆ ಪೆಟ್ಟಿಗೆಯ ಮೂಲಕ ಹೊಸ ಕೇಬಲಿಗೆ ಸೇರಿಸಿ, ಸ್ವಿಚ್ಚಿನ ನೇರ ಮೇಲಿನಿಂದ ಗೋಡೆಯಲ್ಲಿ ಲಂಬವಾಗಿ ಇಳಿಸಬೇಕು. ಓರೆಯಾಗಿ ಇಳಿಸಿದರೆ, ಮುಂದೊಂದು ದಿನ ಚಿತ್ರಪಟ ತೂಗುಹಾಕಲು ಮೊಳೆ ಹೊಡೆಯುವವನಿಗೆ ಅದೇ ಹೊಂಚು. ಸ್ವಿಚ್ಚಿನ ಹಿಂದಿನ ಪೆಟ್ಟಿಗೆ ಲೋಹದ್ದಾದರೆ ಅದಕ್ಕೆ ಭೂಸಂಪರ್ಕ ಇರಲೇಬೇಕು.

ಇಲ್ಲಿ ಕೆಲಸ ಕಲಿತು ಅಲ್ಲಿಗೆ ಹೋದವರನ್ನು ಮೋಸಗೊಳಿಸುವುದು ಬಣ್ಣ. ನಮ್ಮಲ್ಲಿ ಕಪ್ಪು ನ್ಯೂಟ್ರಲ್. ಕೆಂಪು, ಹಳದಿ, ನೀಲಿ ಫೇಸ್. ಅಲ್ಲಿನ ಈಗಿನ ಪದ್ಧತಿಯಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಹಳೆಯ ಮನೆಗಳಲ್ಲಿ ಕೆಂಪು-ಕಪ್ಪು ಇನ್ನೂ ಉಳಿದಿದೆ. ಅಲ್ಲದೆ ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ತಂತಿ ನೀಲಿಯಾಗಿದ್ದರೂ, ಸ್ವಿಚ್ಚು ಹಾಕಿದೊಡನೆ ಅದು ಸಜೀವ. ಕಣ್ಣು ಹೇಳುವುದನ್ನಲ್ಲ, ಪರೀಕ್ಷಕ ಹೇಳುವುದನ್ನು ನಂಬಬೇಕು. ಇನ್ನೊಂದು ಎಚ್ಚರ: ನೀರು ಕಾಯಿಸುವ ಷವರಿಗೂ ಛಾವಣಿಯಲ್ಲಿ ದಾರದ ಸ್ವಿಚ್ಚಿರುವುದುಂಟು. ಅದು 45 ಆಂಪಿಯರಿನದು. ಅದರ ಜಾಗದಲ್ಲಿ ದೀಪದ ಪುಟ್ಟ ಸ್ವಿಚ್ಚು ಹಾಕಿದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಇಂಗ್ಲೆಂಡಿನಲ್ಲಿ ಮನೆಯೊಳಗಿನ ವಿದ್ಯುತ್ ಕೆಲಸ 2005ರಿಂದ ಕಟ್ಟಡ ನಿಯಮಗಳ ವ್ಯಾಪ್ತಿಗೆ ಸೇರಿದೆ. ಸ್ನಾನದ ವಲಯದೊಳಗಿನ ಬದಲಾವಣೆಯನ್ನು ನೋಂದಾಯಿತ ತಂತ್ರಜ್ಞ ಮಾಡಬೇಕು, ಇಲ್ಲವೇ ಸ್ಥಳೀಯ ಆಡಳಿತಕ್ಕೆ ತಿಳಿಸಿ ಮಾಡಬೇಕು. ಬಾಡಿಗೆಯ ಮನೆಯಾದರೆ ಒಡೆಯನ ಒಪ್ಪಿಗೆಯೂ ಬೇಕು. ಕೈಯಿಂದಲೇ ಮಾಡಬಲ್ಲೆನೆಂಬ ಹುಮ್ಮಸ್ಸಿಗಿಂತ ಬಲ್ಲವರನ್ನು ಕರೆಯುವ ವಿವೇಕ ದೊಡ್ಡದು.

ಇಷ್ಟು ದೂರದ ಮಾತು ಇಲ್ಲೇಕೆ ಎಂಬ ಪ್ರಶ್ನೆ ಏಳಬಹುದು. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲು ಮನೆಯಿಂದ ಬೇರೆಯಾಗಿ ಹಿತ್ತಿಲಿನಲ್ಲಿತ್ತು. ನೀರು ಕಾಯುತ್ತಿದ್ದುದು ಸೌದೆಯ ಒಲೆಯ ಹಂಡೆಯಲ್ಲಿ. ವಿದ್ಯುತ್ತು ಬಂದಾಗ ಸ್ವಿಚ್ಚು ಬಾಗಿಲ ಹೊರಗೇ ಕುಳಿತಿತು. ಬ್ರಿಟನ್ನಿನವರು ದಾರದಿಂದ ಸಾಧಿಸಿದ್ದನ್ನು ನಮ್ಮವರು ಒಂದು ಗೋಡೆಯಿಂದ ಸಾಧಿಸಿದ್ದರು. ಈಗಿನ ಮನೆಗಳಲ್ಲಿ ಸ್ನಾನಗೃಹ ಮಲಗುವ ಕೋಣೆಯೊಳಗೆ ಬಂದಿದೆ. ಅದರ ಜೊತೆ ಗೀಸರು ಬಂದಿದೆ. ಎಷ್ಟೋ ಕಡೆ ಸ್ವಿಚ್ಚೂ ಒಳಗೆ, ಷವರಿನ ನೀರು ಹಾರುವಷ್ಟು ಸಮೀಪಕ್ಕೆ ಬಂದಿದೆ. ಅಂತರ ಕಳೆದುಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಮನೆ ಕಟ್ಟಿಸುವವರು ಸ್ನಾನಗೃಹದ ದೀಪದ ಮತ್ತು ಗೀಸರಿನ ಸ್ವಿಚ್ಚುಗಳನ್ನು ಹೊರಗಿಡುವಂತೆ ಗೋಡೆಗೆ ಗಾರೆ ಬೀಳುವ ಮೊದಲೇ ಹೇಳಬೇಕು. ಮುಖ್ಯ ಫಲಕದಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇರಬೇಕು, ‘ಇ.ಎಲ್.ಸಿ.ಬಿ.’ ಎಂದು ಎಲ್ಲರೂ ಕರೆಯುವುದು ಇದನ್ನೇ. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮವಲ್ಲವೆಂದು ಕಂಡೊಡನೆ ಅದು ಸೆಕೆಂಡಿನ ಅಲ್ಪ ಭಾಗದಲ್ಲಿ ಸಂಪರ್ಕ ಕಡಿಯುತ್ತದೆ. ಮನುಷ್ಯನನ್ನು ಕಾಯುವ ಸಾಧನ ಅದು. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

ಆ ಗುಂಡಿ ಒತ್ತುವ ಮೊದಲು, ಹತ್ತನೆಯ ತರಗತಿಯ ಮಗಳನ್ನೋ ಮಗನನ್ನೋ ಫಲಕದ ಬಳಿಗೆ ಕರೆದು, 230ನ್ನು 1000ದಿಂದ ಭಾಗಿಸಲು ಹೇಳಬಹುದು. ಪ್ರತಿರೋಧ, ಪ್ರವಾಹ ಎಂಬ ಮಾತುಗಳನ್ನು ಆ ಮಗು ಕನ್ನಡದಲ್ಲೇ ಕಲಿತಿದೆ. ಪರೀಕ್ಷೆಯ ಹಾಳೆಯಲ್ಲಿ ಎರಡು ಅಂಕ ತರುವ ಆ ಲೆಕ್ಕ, ಸ್ನಾನಗೃಹದ ಬಾಗಿಲಲ್ಲಿ ಒಂದು ಜೀವ ಉಳಿಸಬಲ್ಲದು.