ಗೇರ್ ಆಯಿಲು ಮತ್ತು ಒಂದು ರೈಟ್ ಮಾರ್ಕು

ಅಪ್ಪನಿಂದ ನನಗೆ ಬಂದ ಆಸ್ತಿ ಅಂದ್ರೆ 2009ರ ಮಾರುತಿ 800. ಕಳೆದ ಚಳಿಗಾಲದಿಂದ ಬೆಳಗಿನ ಹೊತ್ತು ಎರಡನೇ ಗೇರಿಗೆ ಹಾಕಿದ್ರೆ 'ಕರ್ರ್' ಅಂತಿತ್ತು. ವಯಸ್ಸಾಯ್ತು ಬಿಡು ಅಂದ್ಕೊಂಡು ಸುಮ್ಮನಿದ್ದೆ.

ಮೊನ್ನೆ ಹಳೇ ಸರ್ವಿಸ್ ಬಿಲ್ಲುಗಳನ್ನ ಹರಡಿಕೊಂಡು ಕೂತೆ. ಪ್ರತಿಯೊಂದರಲ್ಲೂ 'ಗೇರ್ ಆಯಿಲ್ ಚೆಕ್' ಅನ್ನೋದರ ಮುಂದೆ ಚೆಂದದ ರೈಟ್ ಮಾರ್ಕು! ಭಾನುವಾರ ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ ಕಾರನ್ನ ಪಿಟ್ ಮೇಲೆ ನಿಲ್ಲಿಸಿ, "ಸಾರ್, ನೀವೇ ಇಳಿದು ನೋಡಿ" ಅಂದ್ರು. ಗೇರ್ ಬಾಕ್ಸಿನ ಪಕ್ಕದ ಬೋಲ್ಟಿನ ಮೇಲೆ ಬೆರಳು ದಪ್ಪ ಮಣ್ಣು, ಜಿಡ್ಡು. ವರ್ಷಗಳಿಂದ ಅದಕ್ಕೆ ಸ್ಪ್ಯಾನರ್ ಸೋಕಿರಲಿಲ್ಲ.

ಇಂಜಿನ್ ಆಯಿಲಿಗೆ ಡಿಪ್ ಸ್ಟಿಕ್ ಇದೆ, ನಾವೇ ನೋಡಬಹುದು. ಇದಕ್ಕೆ ಅದಿಲ್ಲ. ಕಾರು ಸಮತಟ್ಟಾಗಿ ನಿಂತಿರಬೇಕು, ಆ ಬೋಲ್ಟ್ ಬಿಚ್ಚಿದ್ರೆ ಆಯಿಲು ತೂತಿನ ಅಂಚಿಗೇ ಇರಬೇಕು. ನನ್ನದರಲ್ಲಿ ಬೆರಳು ತೂರಿಸಿದ್ರೂ ಸಿಗಲಿಲ್ಲ. ಇದು ಇಂಜಿನ್ ಆಯಿಲಿನ ಥರ ಉರಿದು ಖರ್ಚಾಗೋದಲ್ಲ. ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ನೋಡಿದ್ರೆ ಡ್ರೈವ್ ಶಾಫ್ಟಿನ ಸೀಲು ಹೋಗಿತ್ತು.

ಅವರು ಹೇಳಿಕೊಟ್ಟ ಒಂದು ಮಾತು ನಿಮಗೂ ಇರಲಿ. ಮೇಲಿನ ಬೋಲ್ಟು ಬಿಚ್ಚುತ್ತೆ ಅಂತ ಖಾತ್ರಿಯಾಗದೆ ಕೆಳಗಿನ ಡ್ರೈನ್ ಬೋಲ್ಟಿಗೆ ಕೈ ಹಾಕಬೇಡಿ. ಮೇಲಿನದು ತುಕ್ಕು ಹಿಡಿದು ಕೂತಿದ್ರೆ, ಇದ್ದ ಆಯಿಲನ್ನೂ ಚೆಲ್ಲಿ, ಹೊಸದು ತುಂಬೋಕೆ ದಾರಿಯಿಲ್ಲದೆ ನಿಲ್ಲಬೇಕಾಗುತ್ತೆ. ಇನ್ನೊಂದು, ಪುಸ್ತಕದಲ್ಲಿ ಜಿಎಲ್-4 ಅಂತಿದ್ರೆ ಅದನ್ನೇ ಹಾಕಿಸಿ. 'ಐದು ಇನ್ನೂ ಒಳ್ಳೇದು' ಅನ್ನೋ ಮಾತು ಕೇಳಬೇಡಿ. ಕೆಲವು ಜಿಎಲ್-5 ಆಯಿಲುಗಳು ಒಳಗಿನ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ ಆಗಿಬರೋದಿಲ್ಲ.

ಹಳೇ ಆಯಿಲು ಕಾಫಿ ಡಿಕಾಕ್ಷನ್ ಥರ ಇಳೀತು. ನುಣ್ಣನೆ ಬೂದು ಪುಡಿ ಇತ್ತು, ಕಬ್ಬಿಣದ ಚೂರುಗಳಿರಲಿಲ್ಲ. ಬಚಾವ್! ಹೊಸ ಸೀಲು, ಹೊಸ ಆಯಿಲು ಆದಮೇಲೆ 'ಕರ್ರ್' ತುಂಬಾ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಸವೆದದ್ದು ವಾಪಸ್ ಬರುತ್ತಾ?

ನನ್ನ ಸಿಟ್ಟು ಮೆಕ್ಯಾನಿಕ್‌ಗಳ ಮೇಲಲ್ಲ, ನೋಡದೆ ಹಾಕಿದ ಆ ರೈಟ್ ಮಾರ್ಕಿನ ಮೇಲೆ. ಜೊತೆಗೆ, ಸರ್ವಿಸ್ ಸೆಂಟರಿನ ಎಸಿ ರೂಮಲ್ಲಿ ಕಾಫಿ ಹೀರುತ್ತಾ ಅದರ ಕೆಳಗೆ ಸೈನ್ ಹಾಕಿದ ನನ್ನ ಮೇಲೂ. 'ನಾನು ಪಕ್ಕದಲ್ಲಿ ನಿಂತು ನೋಡ್ತೀನಿ' ಅಂದ್ರೆ ಅವರಿಗೆ ಅವಮಾನ ಅಂದ್ಕೊಂಡಿದ್ದೆ. ನಿಯತ್ತಾಗಿ ಕೆಲಸ ಮಾಡೋರೇ ಕರೆದು ತೋರಿಸ್ತಾರೆ ಅಂತ ಈಗ ಗೊತ್ತಾಯ್ತು.

ನಿಮ್ಮ ಕಾರಿನದು ಯಾವಾಗ ಬಿಚ್ಚಿ ನೋಡಿದ್ರು? ಬಿಲ್ಲು ನೋಡಬೇಡಿ, ಬೋಲ್ಟು ನೋಡಿ ಹೇಳಿ :-)