ನಮ್ಮ ಮಾತು ನಿಮಗೆ ಕಾಮಿಡಿನಾ?

ಸಂಜೆ ಏಳರ ಮೇಲೆ ಟೀವಿ ಹಚ್ಚಿ ನೋಡಿ. ಧಾರಾವಾಹಿಯ ಮನೆ ಹಳ್ಳೀಲಿ ಇರುತ್ತೆ. ಅಂಗಳದಲ್ಲಿ ತುಳಸಿಕಟ್ಟೆ, ಹಿಂದೆ ತೆಂಗಿನ ತೋಟ, ಒಂದು ಎತ್ತಿನ ಗಾಡಿನೂ ಇರುತ್ತೆ. ಆದರೆ ನಾಯಕ ಬಾಯಿ ಬಿಟ್ಟರೆ ಬರೋದು ಬಸವನಗುಡಿ ಕನ್ನಡ. ಅದೇ ಊರಲ್ಲಿ ಹುಟ್ಟಿದ ನಾಯಕಿದೂ ಅದೇ. ಹಾಗಾದ್ರೆ ಊರ ಮಾತು ಆಡೋರು ಯಾರು? ಮನೆ ಆಳು. ಕುಡುಕ ಮಾವ. ಜಗಳಗಂಟಿ ಅತ್ತೆ. ಇಲ್ಲಾ ಅಂದ್ರೆ ನಗಿಸೋಕೆ ಅಂತಲೇ ಬರೋ ಪೆದ್ದ.

ಇದು ಆಕಸ್ಮಿಕ ಅಂತ ನಾವು ನಂಬಲ್ಲ. ಹೆಚ್ಚುಕಮ್ಮಿ ಎಲ್ಲಾ ಧಾರಾವಾಹಿಗಳಲ್ಲೂ, ಬಹಳಷ್ಟು ಸಿನಿಮಾಗಳಲ್ಲೂ ಲೆಕ್ಕ ಒಂದೇ: ಪ್ರೀತಿ ಮಾಡೋಕೆ, ಅಳೋಕೆ, ಬುದ್ಧಿ ಹೇಳೋಕೆ ಒಂದು ಕನ್ನಡ, ನಗೆಪಾಟಲಾಗೋಕೆ ಇನ್ನೊಂದು ಕನ್ನಡ.

ಅದಾದ್ರೂ ಸರಿಯಾಗಿ ಆಡಿಸ್ತಾರಾ? ಅದೂ ಇಲ್ಲ. ಉತ್ತರ ಕರ್ನಾಟಕದವರು ಅಂದ್ರೆ ಪ್ರತಿ ಮಾತಿನ ತುದಿಗೆ ಒಂದು ‘ರೀ’ ಸಿಕ್ಕಿಸಿದ್ರೆ ಮುಗೀತು. ಧಾರವಾಡದ ಕಡೆ ‘ಬರ್ಲಿಕ್ಕತ್ತಾನ’ ಅಂತಾರೆ, ಗದಗ-ಕೊಪ್ಪಳದ ಕಡೆ ‘ಬರಾಕತ್ತಾನ’ ಅಂತಾರೆ. ಬೆಳಗಾವಿ ಮಾತಲ್ಲಿ ಮರಾಠಿ ಬೆರೆತಿರುತ್ತೆ, ಕಲಬುರಗಿ ಮಾತಲ್ಲಿ ಉರ್ದು, ಬಳ್ಳಾರಿ-ರಾಯಚೂರಲ್ಲಿ ತೆಲುಗು. ಟೀವಿಯವರಿಗೆ ಇದೆಲ್ಲಾ ಒಂದೇ ಚೀಲದ ಜೋಳ. ಮಂಡ್ಯದವರು ಅಂದ್ರೆ ‘ಹ’ ಬಿಟ್ಟು ‘ಅ’ ಹಾಕು, ಕರಾವಳಿಯವರು ಅಂದ್ರೆ ‘ಮಾರಾಯ್ರೆ’ ಸೇರಿಸು, ಅಷ್ಟೇ.

‘ಎಲ್ಲಾ ಜಿಲ್ಲೆಯವರಿಗೂ ಅರ್ಥ ಆಗಬೇಕಲ್ವಾ?’ ಅನ್ನೋದು ಇವರ ಹಳೇ ಸಬೂಬು. ಈ ಸಬೂಬು ಎಂದೋ ಸತ್ತುಹೋಗಿದೆ, ಹೆಣ ಎತ್ತೋರಿಲ್ಲ ಅಷ್ಟೇ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ಪೂರ್ತಿ ಕರಾವಳಿ ಕನ್ನಡದ ಸಿನಿಮಾ. ದೊಡ್ಡ ಸ್ಟಾರ್ ಇಲ್ಲ, ಅಬ್ಬರದ ಪ್ರಚಾರ ಇಲ್ಲ. ನೋಡಿದವರು ಬಾಯಿಂದ ಬಾಯಿಗೆ ಹೇಳಿ ರಾಜ್ಯದ ತುಂಬಾ ಓಡಿತು. ಆ ಮಾತು ಅರ್ಥ ಆಗಲಿಲ್ಲ ಅಂತ ಯಾರೂ ಥಿಯೇಟರಿಂದ ಎದ್ದು ಬರಲಿಲ್ಲ. 2016ರಲ್ಲಿ ತೆರೆಕಂಡ ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ತಮ್ಮ ಮಾತಲ್ಲೇ ನಟಿಸಿದರು. ಅದಕ್ಕೂ ಮುಂಚೆ, 2015ರಲ್ಲೇ, ಅದು ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತ್ತು. ಸ್ವಿಟ್ಜರ್ಲೆಂಡಿಗೆ ತಲುಪಿದ ಮಾತು ಶಿವಮೊಗ್ಗಕ್ಕೆ ತಲುಪಲ್ವಾ?

‘ತಿಥಿ’ಯಲ್ಲೂ ನಾವು ನಕ್ಕೆವು. ‘ಸು ಫ್ರಮ್ ಸೋ’ದಲ್ಲಂತೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆವು. ನಗು ನಮಗೆ ಬೇಡ ಅಂತಲ್ಲ. ಅಲ್ಲಿ ನಾವು ನಕ್ಕಿದ್ದು ಆ ಜನರ ಆಸೆಗೆ, ಭಯಕ್ಕೆ, ಪೇಚಾಟಕ್ಕೆ. ಟೀವಿ ನಗಿಸೋದು ಬರೀ ಉಚ್ಚಾರಣೆಗೆ. ಎರಡೂ ಒಂದೇ ಅಲ್ಲ.

ಸಾಹಿತ್ಯದವರು ಈ ಜಗಳ ಗೆದ್ದು ಎಷ್ಟೋ ವರ್ಷ ಆಯ್ತು. ಬೇಂದ್ರೆ ಧಾರವಾಡದ ಮಾತಲ್ಲಿ ಬರೆದೂ ಜ್ಞಾನಪೀಠ ಪಡೆದರು. ದೇವನೂರ ಮಹಾದೇವ ಅವರು ನಂಜನಗೂಡು ಸೀಮೆಯ ಮಾತಲ್ಲಿ ‘ಕುಸುಮಬಾಲೆ’ ಬರೆದರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಂಬಾರರ ‘ಕಾಡು ಕುದುರೆ’ ಸಿನಿಮಾದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಆ ಹಾಡಿನ ಮಾತು ಬೆಂಗಳೂರಿನದಲ್ಲ, ಉತ್ತರ ಕರ್ನಾಟಕದ ಜಾನಪದದ್ದು. ಪುಸ್ತಕ ಬಿಟ್ಟುಕೊಟ್ಟ ಜಾಗವನ್ನ ಪರದೆ ಇನ್ನೂ ಯಾಕೆ ಬಿಟ್ಟುಕೊಡ್ತಿಲ್ಲ?

ಇದು ಬರೀ ಮನರಂಜನೆ, ಅಷ್ಟು ತಲೆ ಕೆಡಿಸ್ಕೋಬೇಡಿ ಅಂತ ನಿಮಗೆ ಅನ್ನಿಸಬಹುದು. ನಮಗೆ ಕಂಡಿದ್ದು ಹೇಳ್ತೀವಿ. ನಾವು ಪತ್ರಿಕೋದ್ಯಮ ಓದಿ ಕೆಲಸ ಹುಡುಕುವಾಗ, ಒಂದು ಚಾನೆಲ್ಲಿನಲ್ಲಿ ನಮ್ಮಲ್ಲೊಬ್ಬಳು ಸುದ್ದಿ ಓದಿ ತೋರಿಸಿದಳು. ಒಂದಕ್ಷರ ತಪ್ಪಿಲ್ಲದೆ ಓದಿದ್ದಳು. ‘ನಿಮ್ಮ ಊರಿನ ರಾಗ ಬಿಟ್ಟು ಬನ್ನಿ, ಆಮೇಲೆ ನೋಡೋಣ’ ಅಂದರು. ಆ ರಾಗ ಅವಳ ಅವ್ವಂದು. ಅದನ್ನ ಎಲ್ಲಿ ಬಿಟ್ಟು ಬರೋದು?

ಇನ್ನೊಂದು ನಮಗೆ ದಿನಾ ಕಾಣುತ್ತೆ. ಊರಿಗೆ ಹೋಗಿ ಅಜ್ಜಿಯೊಬ್ಬಳ ಹತ್ತಿರ ನೀರಿನ ಸಮಸ್ಯೆ ಕೇಳ್ತೀವಿ. ಅಜ್ಜಿ ಗಾದೆ ಹಾಕಿ, ಬೈಗುಳ ಹಾಕಿ, ಎದೆಗೆ ನಾಟೋ ಹಾಗೆ ಹೇಳ್ತಾಳೆ. ಮೈಕ್ ಹಿಡಿದ ತಕ್ಷಣ ಸೆರಗು ಸರಿಮಾಡಿಕೊಂಡು ‘ನಮಗೆ ನೀರಿನ ತೊಂದರೆ ಇರುತ್ತದೆ’ ಅಂತಾಳೆ. ಅರ್ಧ ಸಿಟ್ಟು ಅಲ್ಲೇ ಹೋಯ್ತು. ತನ್ನ ಮಾತು ಕ್ಯಾಮೆರಾಕ್ಕೆ ತಕ್ಕದ್ದಲ್ಲ ಅಂತ ಅವಳಿಗೆ ಕಲಿಸಿದ್ದು ಯಾರು? ಇದೇ ಟೀವಿ. ತನ್ನ ಮಾತಲ್ಲಿ ನ್ಯಾಯ ಕೇಳೋಕೆ ನಾಚೋ ಹಾಗೆ ಮಾಡಿದ್ದನ್ನ ಮನರಂಜನೆ ಅಂತ ಬಿಟ್ಟುಬಿಡೋಕೆ ಆಗಲ್ಲ.

ತಪ್ಪು ನಮ್ಮದೂ ಇದೆ. ನಮ್ಮ ಮಾತನ್ನ ಅಣಕಿಸೋ ರೀಲ್ಸ್ ಬಂದ್ರೆ ಮೊದಲು ಫಾರ್ವರ್ಡ್ ಮಾಡೋರು ನಾವೇ. ಪಕ್ಕದ ಜಿಲ್ಲೆಯವರ ಮಾತಿಗೆ ನಗೋದೂ ನಾವೇ. ಹಾಗೇ, ಕಾಮಿಡಿ ಶೋಗಳಲ್ಲಿ ಬೆಳೆದ ನಮ್ಮ ಕಲಾವಿದರ ಮೇಲೂ ನಮಗೆ ಸಿಟ್ಟಿಲ್ಲ. ರಂಗದ ಮೇಲೆ ಬೆವರು ಸುರಿಸಿ ಮೇಲೆ ಬಂದೋರು ಅವರು. ನಮ್ಮ ಪ್ರಶ್ನೆ ಪಾತ್ರ ಬರೆಯೋರಿಗೆ: ಅದೇ ಕಲಾವಿದ ಅದೇ ಮಾತಲ್ಲಿ ಡಾಕ್ಟರ್ ಯಾಕೆ ಆಗಬಾರದು? ಜಿಲ್ಲಾಧಿಕಾರಿ ಯಾಕೆ ಆಗಬಾರದು? ಹುಡುಗಿಗೆ ‘ನಿನ್ ಬಿಟ್ಟು ಇರಾಕ ಆಗಂಗಿಲ್ಲ’ ಅಂತ ಯಾಕೆ ಹೇಳಬಾರದು?

ನಾವು ಕೇಳೋದು ದೊಡ್ಡದೇನಲ್ಲ. ಕತೆ ಕೊಪ್ಪಳದಲ್ಲಿ ನಡೆದರೆ ಕೊಪ್ಪಳದ ಒಬ್ಬರನ್ನ ಸಂಭಾಷಣೆ ಬರೆಯೋಕೆ ಕೂರಿಸಿ, ಅವರ ಹೆಸರು ಹಾಕಿ, ದುಡ್ಡು ಕೊಡಿ. ಊರಿನ ಮಾತನ್ನ ಆಳಿಗೆ ಕೊಟ್ಟರೆ ಮನೆ ಯಜಮಾನನಿಗೂ ಕೊಡಿ.

ಓದ್ತಿರೋ ನಿಮ್ಮ ಹತ್ತಿರ ಒಂದು ಮಾತು. ಮುಂದಿನ ಸಲ ನಾವು ನಿಮ್ಮ ಊರಿಗೆ ಮೈಕ್ ಹಿಡಿದು ಬಂದಾಗ ಸೆರಗು ಬೇಕಾದ್ರೆ ಸರಿಮಾಡ್ಕೊಳ್ಳಿ. ಮಾತು ಸರಿಮಾಡ್ಕೋಬೇಡಿ.